ಹಿಂಗಾರಿನ ಗುಟುಕು

ಪಂಚಾಂಗದಲ್ಲಿ ಬ್ಯಾಸಗಿ ಒಂದೇ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಮಾತ್ರ ಅದು ಎರಡು ಸಲ ಬರುತ್ತದೆ. ಮೇ ಮುಗಿದು ಮೋಡ ಕಟ್ಟಿದಾಗ ಹೋದ ಬಿಸಿಲು, ಉತ್ತರಿ-ಹಸ್ತದ ಮಳೆ ಮುಗಿದು ಚಿತ್ತಿ ಹಿಡಿದಾಗ ಮರಳಿ ಇಣುಕುತ್ತದೆ. ಈ ಭಾಗಕ್ಕೆ ಹೆಚ್ಚು ಮಳೆ ಕೊಡುವ ತಿಂಗಳೇ ಸೆಪ್ಟೆಂಬರ್. ಆ ಹಸಿಯ ಮೇಲೆ ಎರೆಹೊಲದಲ್ಲಿ ಬಿಳಿಜೋಳ ಬಿತ್ತುತ್ತಾರೆ, ಅದರ ಬೆನ್ನಿಗೆ ಅಕ್ಟೋಬರಿನ ಬಿಸಿಲು ಬೀಳುತ್ತದೆ. ಮಧ್ಯಾಹ್ನ ಅಂಗಿ ಬೆನ್ನಿಗೆ ಅಂಟುತ್ತದೆ, ನಸುಕಿನಲ್ಲಿ ಕೌದಿ ಹುಡುಕಬೇಕಾಗುತ್ತದೆ. ಇಂಥ ಎರಡು ಮನಸ್ಸಿನ ಋತುವಿಗೆ ಐಸ್ ಹಾಕಿದ ಶರಬತ್ತೂ ಸರಿಹೋಗದು, ಬರೀ ಚಹಾವೂ ಸಾಲದು.

ಇದೇ ಹೊತ್ತಿಗೆ ಜರ್ಮನಿಯ ಮ್ಯೂನಿಕ್‌ನಲ್ಲಿ ಅಕ್ಟೋಬರ್‌ಫೆಸ್ಟ್ ನಡೆಯುತ್ತದೆ. 1810ರಲ್ಲಿ ಶುರುವಾದ ಹಬ್ಬ ಅದು. ಅಲ್ಲಿನ ಸಾಂಪ್ರದಾಯಿಕ ಬಿಯರ್‌ಗೆ ಮಾರ್ಚ್ ತಿಂಗಳ ಹೆಸರಿದೆ, ಕುಡಿಯುವುದು ಮಾತ್ರ ಶರದೃತುವಿನಲ್ಲಿ. ಕಾರಣ ಸರಳ. ಬೇಸಿಗೆಯ ಕಾವಿನಲ್ಲಿ ಕುದಿಸಿಟ್ಟ ಬಿಯರ್ ಕೆಡುತ್ತಿತ್ತು. ಹಾಗಾಗಿ 1553ರಲ್ಲಿ ಬವೇರಿಯಾದ ದೊರೆ ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಬಿಯರ್ ತಯಾರಿಕೆಯನ್ನೇ ನಿಲ್ಲಿಸಿದ. ಮಾರ್ಚಿನಲ್ಲಿ ತಯಾರಿಸಿ ತಣ್ಣನೆಯ ನೆಲಮಾಳಿಗೆಯಲ್ಲಿಟ್ಟದ್ದನ್ನು ಬೇಸಿಗೆ ದಾಟಿದ ಮೇಲೆ ತೆಗೆದು ಕುಡಿದರು. ಹುಳಿಸುವ ಯಾವ ಪೇಯವಾದರೂ ಹವೆಯ ಮಾತು ಕೇಳಲೇಬೇಕು, ಅದು ಮ್ಯೂನಿಕ್‌ನ ಪೀಪಾಯಿಯಾಗಲಿ, ಬೀಳಗಿಯ ಗಡಿಗೆಯಾಗಲಿ. ದಸರೆಯಿಂದ ಕಾರ್ತಿಕದವರೆಗೆ ನಮ್ಮ ಕಡೆ ಏನು ಕುಡಿಯಬಹುದು, ಏನನ್ನು ಮನೆಯಲ್ಲೇ ಮಾಡಬಹುದು, ಎಲ್ಲಿ ಎಚ್ಚರ ಬೇಕು ಎಂಬುದನ್ನು ನೋಡೋಣ.

ಮೊದಲ ಮರ್ಯಾದೆ ಅಂಬಲಿಗೆ

ಪಟ್ಟಣದ ಹೋಟೆಲುಗಳಲ್ಲಿ ಅಂಬಲಿ ಈಗ 'ಆರೋಗ್ಯ ಪೇಯ'ವಾಗಿ ದುಬಾರಿ ಗ್ಲಾಸಿಗೇರಿದೆ. ಹೊಲಕ್ಕೆ ಹೋಗುವವರ ತತ್ರಾಣಿಯಲ್ಲಿ ಇದ್ದಾಗ ಅದಕ್ಕೆ ಈ ಬಿರುದು ಇರಲಿಲ್ಲ. ಆದರೆ ಕೈಚಳಕ ಬೇಡುವ ಪೇಯ ಎಂಬ ಮಾತಿಗೆ ನಮ್ಮ ಸೀಮೆಯಲ್ಲಿ ಇದಕ್ಕಿಂತ ಅರ್ಹವಾದದ್ದು ನನಗೆ ಕಾಣದು. ಹಿಟ್ಟು, ನೀರು, ಕಾವು, ಹೊತ್ತು ನಾಲ್ಕೂ ಕೂಡಿಬಂದರೆ ಮಾತ್ರ ಅದು ಅಂಬಲಿ, ಇಲ್ಲವಾದರೆ ಬರೀ ಗಂಜಿ.

ಜೋಳದಿಂದಲೇ ಶುರುಮಾಡಿ. ಅಕ್ಟೋಬರಿನಲ್ಲಿ ಮನೆಯಲ್ಲಿರುವುದು ಹೋದ ಫೆಬ್ರುವರಿ-ಮಾರ್ಚಿನಲ್ಲಿ ರಾಶಿಯಾದ ಹಿಂಗಾರಿ ಬಿಳಿಜೋಳ. ಅದು ಮಾಲ್ದಂಡಿ ತಳಿಯದಾಗಿದ್ದರೆ ಅದೃಷ್ಟ. ಸೋಲಾಪುರ ಕಡೆಯ ಮೋಹೋಳದಲ್ಲಿ ನಾಟಿ ತಳಿಯಿಂದ ಆರಿಸಿ ತೆಗೆದ ಈ ಎಂ 35-1 ಇಷ್ಟು ದಶಕ ಕಳೆದರೂ ರೊಟ್ಟಿ ಉಣ್ಣುವವರ ನಾಲಗೆಯಿಂದ ಇಳಿದಿಲ್ಲ. ಮುಂಗಾರಿ ಜೋಳ ತೆಗೆದುಕೊಳ್ಳುವುದಾದರೆ ಕಾಳನ್ನು ಅಂಗೈಯಲ್ಲಿ ಹರಡಿ ನೋಡಿ. ತೆನೆ ಬಲಿಯುವ ಹೊತ್ತಿಗೆ ಮಳೆ ಹಿಡಿದರೆ ಕಾಳಿಗೆ ಬೂಷ್ಟು ಬರುತ್ತದೆ, ಕಪ್ಪು ಇಲ್ಲವೇ ಗುಲಾಬಿ ಛಾಯೆ ಕಾಣುತ್ತದೆ. ಅಂಥ ಕಾಳನ್ನು ಹುಳಿಸಿದರೂ ಕುದಿಸಿದರೂ ಬೂಷ್ಟಿನ ವಿಷ ಪೂರ್ತಿ ಹೋಗುವುದಿಲ್ಲ, ಹಾಗಾಗಿ ಅದನ್ನು ಬಿಟ್ಟುಬಿಡುವುದೇ ಸರಿ. ಹಿಟ್ಟು ಬೀಸಿಸಿ ತಿಂಗಳಾಗಿದ್ದರೆ ಅದೂ ಬೇಡ. ಜೋಳದ ಮೊಳಕೆಗಣ್ಣಿನಲ್ಲಿ ಇರುವ ಎಣ್ಣೆಯಂಶ ಹಿಟ್ಟನ್ನು ಕಹಿಯಾಗಿಸುತ್ತದೆ. ರೊಟ್ಟಿಯಲ್ಲಿ ಮುಚ್ಚಿಹೋಗುವ ಕಹಿ ಅಂಬಲಿಯಲ್ಲಿ ಎದ್ದು ಕಾಣುತ್ತದೆ.

ಒಂದು ಲೀಟರಿನಷ್ಟು ಅಂಬಲಿಗೆ ಸುಮಾರು 80 ಗ್ರಾಂ ಹಿಟ್ಟು ಸಾಕು. ಕಾಲು ಲೀಟರ್ ಉಗುರು ಬೆಚ್ಚಗಿನ ನೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಎರಡು ಚಮಚ ಹುಳಿ ಮಜ್ಜಿಗೆ ಹಾಕಿ, ಮಣ್ಣಿನ ಗಡಿಗೆಯಲ್ಲೋ ಸ್ಟೀಲಿನ ಪಾತ್ರೆಯಲ್ಲೋ ಹೊಯ್ದು ಬಾಯಿಗೆ ಅರಿವೆ ಕಟ್ಟಿ. ಅಲ್ಯೂಮಿನಿಯಂ, ಕಲಾಯಿ ಇಲ್ಲದ ಹಿತ್ತಾಳೆ-ತಾಮ್ರ ಇದಕ್ಕೆ ಆಗದು, ಹುಳಿ ಲೋಹವನ್ನು ತಿನ್ನುತ್ತದೆ. ಇನ್ನು ಹೊತ್ತಿನ ಲೆಕ್ಕ. ಏಪ್ರಿಲ್ ಆದರೆ ರಾತ್ರಿ ಊಟದ ಹೊತ್ತಿಗೆ ಕಲಸಿಟ್ಟದ್ದು ನಸುಕಿಗೇ ಹುಳಿ ಬಂದಿರುತ್ತದೆ. ಅಕ್ಟೋಬರ್ ಕೊನೆಗೆ ಅದೇ ಹಿಟ್ಟಿಗೆ ಹತ್ತು-ಹನ್ನೆರಡು ತಾಸು ಬೇಕು, ಡಿಸೆಂಬರಿನಲ್ಲಿ ಇನ್ನೂ ಹೆಚ್ಚು. ಗಡಿಯಾರಕ್ಕಿಂತ ಮೂಗನ್ನು ನಂಬಿ. ಮೊಸರಿನಂಥ ಹದವಾದ ಹುಳಿ ವಾಸನೆ, ಮೇಲೆ ಸಣ್ಣ ಗುಳ್ಳೆ ಕಂಡರೆ ಆಯಿತು. ಕೊಳೆತ ವಾಸನೆಯೋ ಬಣ್ಣಬಣ್ಣದ ಬೂಷ್ಟೋ ಕಂಡರೆ ಮೇಲಿಂದ ತೆಗೆದು ಉಳಿಸಿಕೊಳ್ಳುವ ಜಾಣತನ ಮಾಡಬೇಡಿ. ಎಲ್ಲವನ್ನೂ ಚೆಲ್ಲಿ.

ಮರುದಿನ ಮುಕ್ಕಾಲು ಲೀಟರ್ ನೀರು ಕುದಿಯಲಿಟ್ಟು, ಹುಳಿಹಿಟ್ಟನ್ನು ಸಣ್ಣ ಧಾರೆಯಾಗಿ ಹೊಯ್ಯುತ್ತ ತಿರುವಬೇಕು. ಸಣ್ಣ ಉರಿಯಲ್ಲಿ ಹತ್ತು-ಹದಿನೈದು ನಿಮಿಷ ಕುದಿಯಲಿ. ಇಲ್ಲಿ ಅವಸರ ಮಾಡುವವರೇ ಹೆಚ್ಚು. ಜೋಳದ ಪಿಷ್ಟ ಬಾರ್ಲಿಗಿಂತ ಹೆಚ್ಚು ಕಾವು ಕೇಳುತ್ತದೆ, ಅರೆಬೆಂದರೆ ಗಂಟಲಲ್ಲಿ ಹಿಟ್ಟು ಹಿಟ್ಟಾಗಿ ನಿಲ್ಲುತ್ತದೆ. ಆರಿದ ಮೇಲೆ ಒಂದು ಬಟ್ಟಲು ಮಜ್ಜಿಗೆ, ಉಪ್ಪು, ಜಜ್ಜಿದ ಬಳ್ಳೊಳ್ಳಿ, ಜೀರಿಗೆ, ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ. ಕುದಿಸಿದಾಗ ಸತ್ತ ಒಳ್ಳೆಯ ಬ್ಯಾಕ್ಟೀರಿಯಾಗಳ ಬದಲಿಗೆ ಮಜ್ಜಿಗೆ ಹೊಸದನ್ನು ತರುತ್ತದೆ. ಮೊದಲೇ ಬೇಯಿಸಿ, ಆರಿಸಿ, ಮಜ್ಜಿಗೆ ಬೆರೆಸಿ ರಾತ್ರಿಯಿಡೀ ಇಡುವ ಮನೆಗಳೂ ಇವೆ. ಅದರ ಹುಳಿ ಇನ್ನಷ್ಟು ಮೊನಚು. ಚಳಿಗೆ ಮೊದಲನೆಯ ಬಗೆ, ಬಿಸಿಲಿಗೆ ಎರಡನೆಯದು ಎಂಬುದು ನನ್ನ ಪಕ್ಷಪಾತ. ಚಿತ್ತಿಯ ಬಿಸಿಲಿನಲ್ಲಿ ತಣ್ಣಗೆ ಕುಡಿದ ಅಂಬಲಿಯನ್ನೇ ನವೆಂಬರಿನ ಬೆಳಗ್ಗೆ ಬಿಸಿಯಾಗಿ, ಮೇಲೊಂದು ಸಾಸಿವೆ-ಕರಿಬೇವಿನ ಒಗ್ಗರಣೆ ಕೊಟ್ಟು ಕುಡಿಯಬಹುದು. ಬನಹಟ್ಟಿಯ ಮಗ್ಗದ ಶೆಡ್ಡುಗಳಲ್ಲಿ ದಿನಕ್ಕೆ ಎಷ್ಟೋ ಸಲ ಓಡಾಡುವ ಚಹಾದ ಕೆಟಲಿಗೆ ಒಂದು ಸರದಿಯಾದರೂ ರಜೆ ಕೊಟ್ಟು ಅಂಬಲಿ ತುಂಬಿಸಿದರೆ ಹೊಟ್ಟೆಗೂ ಹಿತ, ಕಿಸೆಗೂ ಹಿತ.

ಜೊತೆಗೆ ಏನು? ಶೀಗಿ ಹುಣ್ಣಿಮೆಯ ಬುತ್ತಿಯೇ ಉತ್ತರ. ಹೊಲದಲ್ಲಿ ಚರಗ ಚೆಲ್ಲಿ ಕುಳಿತಾಗ ಕಟಿರೊಟ್ಟಿ, ಶೇಂಗಾ ಹಿಂಡಿ, ಬದನೆಕಾಯಿ ಪಲ್ಯ ಎದುರಿಗಿದ್ದರೆ ಹುಳಿ ಅಂಬಲಿಗೆ ಬೇರೆ ನಂಟಸ್ತಿಕೆ ಬೇಕಿಲ್ಲ. ಸಿಹಿ ಕಡುಬಿನ ಜೊತೆ ಮಾತ್ರ ಕುಡಿಯಬೇಡಿ, ಎರಡೂ ಜಗಳಾಡುತ್ತವೆ.

ಇದೇ ಜೋಳ ಬಿಯರ್ ಆದಾಗ

ಅಂಬಲಿ ಬಿಯರ್ ಅಲ್ಲ. ಅದರಲ್ಲಿ ಕೆಲಸ ಮಾಡುವುದು ಮುಖ್ಯವಾಗಿ ಹುಳಿ ಕೊಡುವ ಬ್ಯಾಕ್ಟೀರಿಯಾ, ಮದ್ಯ ಕೊಡುವ ಯೀಸ್ಟ್ ಅಲ್ಲ. ಹಿಟ್ಟಿನ ಪಿಷ್ಟ ಸಕ್ಕರೆಯಾಗದೆ ಯೀಸ್ಟಿಗೆ ತಿನ್ನಲು ಹೆಚ್ಚೇನೂ ಸಿಗುವುದಿಲ್ಲ. ಪಿಷ್ಟವನ್ನು ಸಕ್ಕರೆ ಮಾಡಬೇಕಾದರೆ ಕಾಳನ್ನು ಮೊಳಕೆ ಬರಿಸಿ ಒಣಗಿಸಬೇಕು. ಆ ಒಂದು ಹೆಜ್ಜೆ ಮುಂದೆ ಇಟ್ಟವರು ಆಫ್ರಿಕಾದವರು. ದಕ್ಷಿಣ ಆಫ್ರಿಕಾದ ಉಂಖೊಂಬೋಥಿ, ಬುರ್ಕಿನಾ ಫಾಸೊದ ಡೋಲೊ, ಸುಡಾನಿನ ಮರೀಸಾ ಇವೆಲ್ಲ ಜೋಳದ ಬಿಯರುಗಳೇ. ಕೆಲವು ನೋಡಲು ನಮ್ಮ ಅಂಬಲಿಯ ಹಾಗೆಯೇ ಮಂದ, ಮಸುಕು, ಹುಳಿ. ಜೋಳದಲ್ಲಿ ಗ್ಲುಟೆನ್ ಇಲ್ಲದ್ದರಿಂದ ಗೋಧಿ-ಬಾರ್ಲಿ ಆಗದವರಿಗಾಗಿ ಅಮೆರಿಕದ ದೊಡ್ಡ ಕಂಪನಿಯೊಂದು 2006ರಲ್ಲಿ ರೆಡ್‌ಬ್ರಿಜ್ ಎಂಬ ಜೋಳದ ಬಿಯರ್ ಮಾರುಕಟ್ಟೆಗೆ ತಂದಿತು.

ಹಾಗಾದರೆ ಜೋಳವನ್ನು ಮೊಳಕೆ ಕಟ್ಟಿ ಮನೆಯಲ್ಲೇ ಬಿಯರ್ ಮಾಡಿ ನೋಡಬಹುದೇ? ಬೇಡ, ಎರಡು ಕಾರಣಕ್ಕೆ. ಎಳೆ ಜೋಳದ ಬೆಳೆ ಮೇಯ್ದ ದನ ಹೊಟ್ಟೆಯುಬ್ಬಿ ಬಿದ್ದದ್ದನ್ನು ನಮ್ಮ ಕಡೆಯ ರೈತರಿಗೆ ಹೇಳಿಕೊಡಬೇಕಿಲ್ಲ. ಜೋಳದ ಎಳೆ ಕುಡಿಯಲ್ಲಿ ಸಯನೈಡ್ ಬಿಡುವ ಅಂಶ ಇರುತ್ತದೆ, ಮೊಳಕೆಯಲ್ಲೂ ಅದೇ. ಆಫ್ರಿಕಾದ ಹೆಂಗಸರು ಮೊಳಕೆಯನ್ನು ಒಣಗಿಸಿ, ಕುಡಿ-ಬೇರು ಉಜ್ಜಿ ತೆಗೆದು, ಕುದಿಸಿ ಬಳಸುವ ವಿದ್ಯೆಯನ್ನು ತಲೆಮಾರುಗಳಿಂದ ಕಲಿತಿದ್ದಾರೆ. ನಮಗೆ ಆ ಅಭ್ಯಾಸವಿಲ್ಲ. ಮೊಳಕೆಯ ಸಿಹಿ ಬೇಕಿದ್ದರೆ ಮೊಳಕೆ ರಾಗಿಯ ಹಿಟ್ಟನ್ನು ಎರಡು ಚಮಚ ಜೋಳದ ಅಂಬಲಿಗೆ ಬೆರೆಸಿ, ಅದು ಸುರಕ್ಷಿತ, ರುಚಿಯೂ ಬೇರೆಯಾಗುತ್ತದೆ. ಎರಡನೆಯ ಕಾರಣ ಕಾನೂನು. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. 'ಮನೆ ಬಳಕೆಗೆ' ಎಂಬ ವಿನಾಯಿತಿ ಅಲ್ಲಿ ಸಿಗದು.

ಬೆಂಗಳೂರಿಗೆ ಹೋದವರಿಗೆ

ನಿಜವಾದ ಕ್ರಾಫ್ಟ್ ಬಿಯರ್ ನೋಡಬೇಕೆಂಬ ಆಸೆಯಿದ್ದರೆ, ಮಕ್ಕಳೋ ಅಳಿಯನೋ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದರೆ, ಅಲ್ಲಿಯೇ ನೋಡಿ. 2010-11ರ ಸುಮಾರಿಗೆ ಇಂದಿರಾನಗರದ ಟಾಯಿಟ್, ವಿಠಲ್ ಮಲ್ಯ ರಸ್ತೆ ಕಡೆಯ ಬಿಯರ್ ಕ್ಲಬ್ ಬಾಗಿಲು ತೆರೆದ ಮೇಲೆ ಆ ನಗರ ಮೈಕ್ರೊಬ್ರುವರಿಗಳ ಊರೇ ಆಗಿದೆ. ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್, ಅಮೆರಿಕದ ಆನ್ ಆರ್ಬರ್ ಮೂಲದ ಆರ್ಬರ್ ಬ್ರೂಯಿಂಗ್, ಗೈಸ್ಟ್ ಹೀಗೆ ಹೆಸರುಗಳು ಬೆಳೆಯುತ್ತವೆ. ಬೆಂಗಳೂರಿಗೆ ಬಿಯರ್ ಹೊಸದೇನಲ್ಲ. 1915ರಲ್ಲಿ ದಕ್ಷಿಣದ ಐದು ಬ್ರುವರಿಗಳನ್ನು ಸೇರಿಸಿ ಹುಟ್ಟಿದ ಯುನೈಟೆಡ್ ಬ್ರುವರೀಸ್‌ನ ನೆಲೆ ಅದೇ ಊರು. ಬಾಟಲಿ ಬಿಯರ್‌ಗೂ ಮೈಕ್ರೊಬ್ರುವರಿಯ ಬಿಯರ್‌ಗೂ ಇರುವ ವ್ಯತ್ಯಾಸವೆಂದರೆ, ಇಲ್ಲಿ ಗಾಜಿನಾಚೆ ಕಾಣುವ ಟಾಕಿಯಲ್ಲೇ ತಯಾರಾದದ್ದು ನೇರ ನಲ್ಲಿಯಿಂದ ಗ್ಲಾಸಿಗೆ ಬೀಳುತ್ತದೆ. ಬಹುಪಾಲು ಸೋಸದ, ಕಾಯಿಸಿ ಕೆಡದಂತೆ ಮಾಡದ ಬಿಯರ್. ತಾಜಾತನವೇ ಅದರ ಬಂಡವಾಳ.

ಅಲ್ಲಿ ಕೂತಾಗ ಪೂರ್ತಿ ಗ್ಲಾಸ್ ಹೇಳುವ ಮೊದಲು ಸಣ್ಣ ಗ್ಲಾಸುಗಳ ಸ್ಯಾಂಪ್ಲರ್ ತಟ್ಟೆ ಕೇಳಿ. ಹಗಲಿನ ಬಿಸಿಲು ಇನ್ನೂ ಇದ್ದರೆ ಗೋಧಿ ಬಿಯರ್ ಹಗುರ. ಟಾಯಿಟ್ ವೈಸ್, ಆರ್ಬರಿನ ಬ್ಯಾಂಗಲೋರ್ ಬ್ಲಿಸ್ ಆ ಜಾತಿಯವು. ಬಾಳೆಹಣ್ಣು-ಲವಂಗದಂಥ ಪರಿಮಳ ಬಂದರೆ ಅದನ್ನು ಯಾರೂ ಬೆರೆಸಿದ್ದಲ್ಲ, ಯೀಸ್ಟೇ ಕೊಟ್ಟದ್ದು. ಸಂಜೆ ಗಾಳಿ ತಣ್ಣಗಾದ ಮೇಲೆ ಹುರಿದ ಧಾನ್ಯದ ಕಂದು ಬಣ್ಣದವು ಸರಿ, ಗೈಸ್ಟಿನ ಅಂಕಲ್ ಡಂಕೆಲ್ ಅಂಥದ್ದು. ಆರ್ಬರಿನ ರೇಜಿಂಗ್ ಎಲಿಫೆಂಟಿನಂಥ ಐಪಿಎ ಬಗೆಯ ಬಿಯರ್ ಮೊದಲ ಗುಟುಕಿಗೇ ಹಾಗಲಕಾಯಿಯಂತೆ ಕಹಿ ಬಡಿಯುತ್ತದೆ, ಹಾಪ್ಸ್ ಎಂಬ ಹೂವಿನ ಕಹಿ ಅದು. ರೂಢಿಯಿಲ್ಲದವರು ಅದನ್ನು ಕೊನೆಗೆ ಇಟ್ಟುಕೊಳ್ಳಲಿ. ನನಗೆ ಕುತೂಹಲ ಹುಟ್ಟಿಸಿದ್ದು ಟಾಯಿಟ್‌ನ ಬಾಸ್ಮತಿ ಬ್ಲಾಂಡ್. ಅಕ್ಕಿಗೆ ಈ ಮರ್ಯಾದೆ ಸಿಕ್ಕಮೇಲೆ ಜೋಳಕ್ಕೇಕೆ ಬೇಡ? ಮಾಲ್ದಂಡಿಯ ಬಿಯರನ್ನು ಯಾರಾದರೂ ನಲ್ಲಿಗೆ ಹಾಕಿದರೆ ಮೊದಲ ಸಾಲಿನಲ್ಲಿ ನಾನಿರುತ್ತೇನೆ. ವಯಸ್ಸು 21 ದಾಟಿರಬೇಕು, ಕುಡಿದ ಮೇಲೆ ಗಾಡಿ ಮುಟ್ಟಬಾರದು. ನೂರು ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ಮದ್ಯ ದಾಟಿದರೆ ಕಾನೂನಿಗೆ ಸಿಕ್ಕಿಬೀಳುತ್ತೀರಿ, ಅಷ್ಟು ದಾಟಲು ಹೆಚ್ಚೇನೂ ಬೇಕಿಲ್ಲ.

ಶುಂಠಿ-ಬೆಲ್ಲದ ಬುರುಗು

ಬಿಯರಿನ ನೊರೆ ಇಷ್ಟ, ಮದ್ಯ ಬೇಡ ಎನ್ನುವವರಿಗೆ ಒಂದು ನಡುದಾರಿ ಇದೆ. ಇಲ್ಲಿ ಮಹಾಲಿಂಗಪುರದ ಪೇಟೆಯ ಬೆಲ್ಲ ಕೈಗೆಟಕುತ್ತದೆ, ಇಂಡಿಯ ಲಿಂಬೆ ನೆರೆಮನೆಯದು. ಸಿಪ್ಪೆ ತೆಗೆಯದ ಹಸಿಶುಂಠಿಯನ್ನು ತೊಳೆದು ತುರಿದು ಎರಡು ಚಮಚ, ಬೆಲ್ಲದ ಪುಡಿ ಎರಡು ಚಮಚ, ಕುದಿಸಿ ಆರಿಸಿದ ಒಂದು ಲೋಟ ನೀರು. ಗಾಜಿನ ಭರಣಿಗೆ ಹಾಕಿ ಅರಿವೆ ಕಟ್ಟಿ. ದಿನಕ್ಕೊಂದು ಚಮಚ ಶುಂಠಿ, ಒಂದು ಚಮಚ ಬೆಲ್ಲ ಸೇರಿಸಿ ತಿರುವುತ್ತಿರಿ. ಅಕ್ಟೋಬರಿನ ಹವೆಯಲ್ಲಿ ಮೂರರಿಂದ ಐದು ದಿನಕ್ಕೆ ಗುಳ್ಳೆ ಏಳುತ್ತವೆ. ಶುಂಠಿಯ ಸಿಪ್ಪೆಯ ಮೇಲಿನ ಯೀಸ್ಟ್ ಎಚ್ಚೆತ್ತ ಗುರುತು ಅದು. ಆಮೇಲೆ ಒಂದು ಲೀಟರ್ ನೀರಿಗೆ 80 ಗ್ರಾಂ ಬೆಲ್ಲ, ಒಂದು ತುಂಡು ಶುಂಠಿ ಹಾಕಿ ಕುದಿಸಿ, ಪೂರ್ತಿ ಆರಿಸಿ, ಸೋಸಿ, ಎರಡು ಲಿಂಬೆಯ ರಸ, ಅರ್ಧ ಲೋಟ ಈ ಹೆಪ್ಪು ಬೆರೆಸಿ ಬಾಟಲಿಗೆ ತುಂಬಿ. ಮೇಲೆ ಎರಡು ಬೆರಳು ಜಾಗ ಬಿಡಿ.

ಗಾಜಿನ ಬಾಟಲಿ ಬೇಡ, ಸೋಡಾದ ಪ್ಲಾಸ್ಟಿಕ್ ಬಾಟಲಿ ಇರಲಿ. ಒತ್ತಿದಾಗ ಕಲ್ಲಿನಂತೆ ಗಟ್ಟಿಯಾದರೆ ಒಳಗೆ ಅನಿಲ ತುಂಬಿದೆ ಎಂದರ್ಥ, ತಕ್ಷಣ ಫ್ರಿಜ್ಜಿಗೆ ಸೇರಿಸಿ. ಗಾಜು ಸಿಡಿದರೆ ಅಡುಗೆಮನೆಯಲ್ಲಿ ಅನಾಹುತ. ಒಂದು ದಿನ, ಹೆಚ್ಚೆಂದರೆ ಎರಡು ದಿನ ಹೊರಗಿಡಿ. ಅದಕ್ಕಿಂತ ಬಿಟ್ಟರೆ ಸಿಹಿ ಇಳಿದು ಮದ್ಯಾಂಶ ಏರುತ್ತದೆ. ಎರಡು ದಿನದಲ್ಲೂ ಲವಲೇಶ ಇದ್ದೇ ಇರುತ್ತದೆ, ಹನಿಯೂ ಬೇಡ ಎನ್ನುವ ವ್ರತದವರು, ಗರ್ಭಿಣಿಯರು, ಮಕ್ಕಳು ಅದೇ ಬೆಲ್ಲ-ಶುಂಠಿ-ಲಿಂಬೆಯ ಪಾನಕವನ್ನು ಹುಳಿಸದೆ ಆಗಲೇ ಕುಡಿಯಲಿ. ನಲ್ಲಿ ನೀರಿಗೆ ಕ್ಲೋರಿನ್ ವಾಸನೆ ಇದ್ದರೆ ಹೆಪ್ಪು ಏಳುವುದಿಲ್ಲ, ಅದಕ್ಕೇ ಕುದಿಸಿ ಆರಿಸುವುದು.

ಕಬ್ಬಿನ ಹಾಲಿನ ಸರದಿ

ಸಕ್ಕರೆ ಕಾರ್ಖಾನೆಗಳ ಚಿಮಣಿ ಹೊಗೆಯಾಡುವುದು ಸಾಮಾನ್ಯವಾಗಿ ಅಕ್ಟೋಬರ್ ಕೊನೆ, ನವೆಂಬರ್. ಕೃಷ್ಣಾ, ಘಟಪ್ರಭೆಯ ದಂಡೆಯುದ್ದಕ್ಕೂ ಕಬ್ಬಿನ ಗಾಡಿಗಳ ಸಾಲು. ಈ ಹಸಿರಿನ ಒಂದು ಪಾಲಿಗೆ 1989ರಲ್ಲಿ ರೈತರೇ ದುಡ್ಡು, ದುಡಿಮೆ ಹಾಕಿ ಕಟ್ಟಿದ ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿ ಬ್ಯಾರೇಜಿನ ನೀರು ಕಾರಣ. ಕಾರ್ಖಾನೆಯ ಕಾಕಂಬಿಯೂ ಯೀಸ್ಟಿನ ಬಾಯಿಗೆ ಬಿದ್ದು ಎಥೆನಾಲ್ ಆಗಿ ಪೆಟ್ರೋಲಿಗೆ ಸೇರುತ್ತದೆ. ನಮಗೆ ಬೇಕಾದದ್ದು ಅದಕ್ಕೂ ಮೊದಲಿನ ಹಂತ.

ದಸರೆಗೇ ರಸ್ತೆಬದಿ ಗಾಣ ತಿರುಗುತ್ತಿರುತ್ತದೆ. ಆದರೆ ಆಗ ಕಬ್ಬು ಪೂರ್ತಿ ಹಣ್ಣಾಗಿರುವುದಿಲ್ಲ, ಹಾಲು ತೆಳ್ಳಗೆ, ಸಪ್ಪೆ. ದೀಪಾವಳಿ ದಾಟಿ ರಾತ್ರಿ ತಣ್ಣಗಾಗುತ್ತ ಹೋದಂತೆ ಸಕ್ಕರೆ ಕೂಡುತ್ತದೆ. ಈ ಕಡೆ ಹೆಚ್ಚು ಕಾಣುವ ಸಿಒ 86032 ತಳಿ ಹನ್ನೆರಡು ತಿಂಗಳಿಗೆ ಹದಕ್ಕೆ ಬರುತ್ತದೆ. ಬುಡದ ಗಣಿಕೆಗೂ ತುದಿಯ ಗಣಿಕೆಗೂ ಸಿಹಿಯಲ್ಲಿ ಹೆಚ್ಚು ಅಂತರ ಇಲ್ಲದಿದ್ದರೆ ಕಬ್ಬು ಮಾಗಿದೆ ಎಂದು ತಿಳಿಯಿರಿ. ಅಂಗಡಿಯಲ್ಲಿ ಕುಡಿಯುವಾಗ ಬುಡದ ಭಾಗ ಹಾಕಲು ಹೇಳಿ. ಸೀಳಿದಾಗ ಒಳಗೆ ಕೆಂಪು ಕಂಡು, ಸಾರಾಯಿಯಂಥ ವಾಸನೆ ಬಂದರೆ ಅದು ಕೆಂಪು ಕೊಳೆ ರೋಗದ ಕಬ್ಬು. ಕಡಿದು ದಿನಗಟ್ಟಲೆ ಬಿಸಿಲಿಗೆ ಬಿದ್ದದ್ದೂ ಬೇಡ.

ಹಾಲು ಹಿಂಡಿದ ಕೂಡಲೇ ಗಾಳಿ ತಾಗಿ ಕಪ್ಪಾಗತೊಡಗುತ್ತದೆ. ಲಿಂಬೆ ಹಿಂಡಿದರೆ ಅದು ನಿಧಾನವಾಗುತ್ತದೆ, ಶುಂಠಿ ಸೇರಿದರೆ ರುಚಿಯೂ ಏರುತ್ತದೆ. ಹದಿನೈದು-ಇಪ್ಪತ್ತು ನಿಮಿಷದೊಳಗೆ ಕುಡಿದುಬಿಡಿ, ಬಾಟಲಿಯಲ್ಲಿ ಮನೆಗೆ ತರಬೇಡಿ. ಕೆಲವು ತಾಸಿನಲ್ಲೇ ಅದು ಹುಳಿಯತೊಡಗುತ್ತದೆ. ಐಸ್ ಬೇಡವೆನ್ನಿ, ಅದು ಯಾವ ನೀರಿನದೋ ಯಾರಿಗೆ ಗೊತ್ತು. ಗಾಣದ ಉರುಳುಗಳನ್ನು ತೊಳೆಯದ ಅಂಗಡಿಯನ್ನು ದಾಟಿ ಮುಂದೆ ಹೋಗಿ. ಮಾಗಿದ ಕಬ್ಬಿನ ಹಾಲಿನಲ್ಲಿ ನೂರು ಮಿಲಿಗೆ 15ರಿಂದ 18 ಗ್ರಾಂ ಸಕ್ಕರೆ ಇರುತ್ತದೆ, ಅಂದರೆ ದೊಡ್ಡ ಗ್ಲಾಸಿಗೆ ಹತ್ತಿರಹತ್ತಿರ 40 ಗ್ರಾಂ. ಸಕ್ಕರೆ ಕಾಯಿಲೆಯವರು ಗಾಣದ ಮುಂದೆ ನಿಂತು ಬೇರೆಯವರಿಗೆ ಲೆಕ್ಕ ಹೇಳುವುದಷ್ಟೇ ಮಾಡಲಿ.

ರಸ್ತೆಬದಿಗಿಂತ ಬೆಲ್ಲದ ಗಾಣಕ್ಕೆ ಹೋಗುವುದು ನನಗೆ ಹೆಚ್ಚು ಇಷ್ಟ. ಮುಧೋಳ-ಮಹಾಲಿಂಗಪುರ ಕಡೆ ಬೆಳಗಿನ ಜಾವ ಹೋದರೆ ಮೊದಲ ಕೊಪ್ಪರಿಗೆಗೆ ಹಾಲು ಬೀಳುವ ಹೊತ್ತು. ಕುದಿಯುವಾಗ ಸುಣ್ಣದ ತಿಳಿ, ಬೆಂಡಿ ಗಿಡದ ಲೋಳೆ ಹಾಕಿ ಮೇಲಿನ ಕಸರು ತೆಗೆಯುವುದನ್ನು ನೋಡಬಹುದು. ಸುಮಾರು ಹತ್ತು ಕೆಜಿ ಕಬ್ಬಿಗೆ ಒಂದು ಕೆಜಿ ಬೆಲ್ಲ ಇಳಿಯುತ್ತದೆ. ಶುಂಠಿಯ ಬುರುಗಿಗೆ ಅಲ್ಲಿಂದಲೇ ಕೊಳ್ಳುವುದಾದರೆ ಹೊಳೆಯುವ ಹಳದಿ ಅಚ್ಚನ್ನು ಬಿಟ್ಟು ಕಂದುಬಣ್ಣದ್ದನ್ನು ಆರಿಸಿ. ಹಳದಿ ಹೊಳಪಿಗಾಗಿ ಹೈಡ್ರೋಸ್ ಎಂಬ ರಾಸಾಯನಿಕ ಬಳಸುವ ರೂಢಿ ಇದೆ. ಅದು ಬಿಡುವ ಗಂಧಕದ ಅಂಶ ಯೀಸ್ಟಿಗೂ ಹಿಡಿಸದು, ಹೆಪ್ಪು ಏಳುವುದು ತಡವಾಗುತ್ತದೆ. ತಂದ ಬೆಲ್ಲವನ್ನು ಮುಂದಿನ ಮಳೆಗಾಲದೊಳಗೆ ಮುಗಿಸಿ, ಆರ್ದ್ರೆಯ ಹಸಿ ತಾಗಿದರೆ ನೀರೊಡೆಯುತ್ತದೆ.